ಮೂರನೇ ಜಾಡಿಯ ಗಸಿ

"ಮುಟ್ಟಬೇಡಿ ಅಂದೆನಲ್ಲ!"

ಇನ್‌ಸ್ಪೆಕ್ಟರಮ್ಮನ ದನಿಗೆ ಪೇದೆ ಬೆಚ್ಚಿ ಕೈ ಹಿಂದಕ್ಕೆ ತೆಗೆದ. ಜಾಡಿಯ ಕೊರಳಿಗೆ ಕಟ್ಟಿದ್ದ ದಾರಗಳಲ್ಲಿ ಒಂದನ್ನು ಎಳೆದು ನೋಡುವ ಆಸೆ ಅವನಿಗೆ ಬಂದಿತ್ತು. ಸೊರ್ರೆಂದು ಮೂಗು ಎಳೆದುಕೊಂಡು ಗೋಡೆಗೆ ಒರಗಿ ನಿಂತ. ವರ್ಷದ ಹನ್ನೆರಡು ತಿಂಗಳೂ ಶೀತ ಅಂಟಿಸಿಕೊಂಡೇ ಇರುತ್ತಿದ್ದ ಆ ಮನುಷ್ಯನನ್ನು ಠಾಣೆಯಲ್ಲಿ ಎಲ್ಲರೂ ನೆಗಡಿ ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ ಅವನೂ ಆ ಹೆಸರಿಗೆ ಓಗೊಡುವುದನ್ನು ರೂಢಿ ಮಾಡಿಕೊಂಡಿದ್ದ.

ಬೆಳಗಿನ ಎಂಟೂವರೆ. ಮೇಷ್ಟ್ರ ಮನೆಯ ಹಿಂಬದಿಯ ಕೋಣೆ. ಸೋಮವಾರ ಬೆಳಿಗ್ಗೆ ಈ ಕೋಣೆಗಿಳಿಯುವ ಮೂರು ಮೆಟ್ಟಿಲುಗಳ ಬುಡದಲ್ಲೇ ನಿವೃತ್ತ ವಿಜ್ಞಾನ ಮೇಷ್ಟ್ರು ತಲೆಯೊಡೆದು ಸತ್ತುಬಿದ್ದಿದ್ದರು. ಹೊಟ್ಟೆಯಲ್ಲಿ ಬಿಯರಿನ ಜೊತೆ ನಿದ್ದೆ ಮಾತ್ರೆ ಸಿಕ್ಕಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಮಗಳ ಕಪಾಟಿನಲ್ಲಿ ಅದೇ ಮಾತ್ರೆಯ ಪಟ್ಟಿ ಇತ್ತು, ಅದರಲ್ಲಿ ಆರು ಮಾತ್ರೆ ಕಡಿಮೆ. ನಿನ್ನೆ ಸಂಜೆ ಮಗಳನ್ನು ಬಂಧಿಸಿ ತಂದದ್ದು ಇದೇ ಇನ್‌ಸ್ಪೆಕ್ಟರಮ್ಮ. ಇವತ್ತು ಸಂಜೆ ಐದಕ್ಕೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು.

"ಮೇಡಂ, ಕೇಸು ಮುಗಿದ ಹಾಗೇ ಅಲ್ವಾ? ಮತ್ತೆ ಇಲ್ಲಿಗೆ ಯಾಕೆ ಬಂದ್ವಿ?"

"ಮುಗಿದಿದ್ರೆ ನಂಗೆ ನಿದ್ದೆ ಬರ್ತಿತ್ತು ಕಣ್ರೀ."

ಅದು ಸುಳ್ಳಲ್ಲ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಆಕೆಗೆ ನಿದ್ದೆ ಕೈಕೊಟ್ಟ ರಾತ್ರಿಗಳೇ ಹೆಚ್ಚು. ಮೂರು ವಾರದಿಂದ ರಜೆ ಇಲ್ಲ, ಪಾದಗಳು ಊದಿ ಬೂಟಿನೊಳಗೆ ಸಾಲುತ್ತಿಲ್ಲ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದೆ. ಮಗಳನ್ನು ಬಂಧಿಸಿ ಮನೆಗೆ ಹೋದಮೇಲೆ ನಿನ್ನೆಯೂ ಛಾವಣಿ ನೋಡುತ್ತಲೇ ಬೆಳಗಾಗಿತ್ತು. ಮಾತ್ರೆ ಸಿಕ್ಕಿತು, ಪಟ್ಟಿ ಸಿಕ್ಕಿತು, ಮನೆಯಲ್ಲಿದ್ದವರು ಇಬ್ಬರೇ, ಮಗಳೇ ಊಟದಲ್ಲಿ ಬೆರೆಸಿರಬೇಕು. ಎಲ್ಲವೂ ಸಲೀಸಾಗಿ ಕೂಡಿಬಂದಿತ್ತು. ಹಾಗೆ ಸಲೀಸಾಗಿ ಕೂಡಿಬಂದ ಕೇಸುಗಳು ತನ್ನ ಕುತ್ತಿಗೆಗೇ ಬಂದಿದ್ದನ್ನು ಆಕೆ ಮರೆತಿರಲಿಲ್ಲ.

ಆ ಮಾತ್ರೆ ಹೇಗಿರುತ್ತದೆ ಎಂಬುದೂ ಆಕೆಗೆ ಗೊತ್ತಿತ್ತು. ಡಾಕ್ಟರು ಬರೆದುಕೊಟ್ಟ ಮೇಲೆ ಎರಡು ಸಲ ಅರ್ಧರ್ಧ ನುಂಗಿದ್ದಳು. ನಾಲಿಗೆಗೆ ತಾಗಿದರೆ ಸಾಕು, ಮುಖ ಕಿವುಚುವಷ್ಟು ಕಹಿ. ಆರು ಮಾತ್ರೆಯನ್ನು ಊಟದಲ್ಲಿ ಕಲಸಿ ಒಬ್ಬ ವಿಜ್ಞಾನ ಮೇಷ್ಟ್ರಿಗೆ ತಿನ್ನಿಸುವುದು ಸಾಧ್ಯವೇ? ಆ ಕಹಿಯನ್ನು ಮುಚ್ಚಬೇಕಾದರೆ ಅದಕ್ಕಿಂತ ಜೋರಾದ ಹುಳಿ ಬೇಕು.

ಹುಳಿ ಈ ಕೋಣೆಯ ತುಂಬ ಇತ್ತು. ಗೋಡೆಯ ಪಕ್ಕದ ಹಲಗೆಯ ಮೇಲೆ ಐದೈದು ಲೀಟರಿನ ಮೂರು ಗಾಜಿನ ಜಾಡಿ. ಒಳಗೆ ಕಂದು ಬಣ್ಣದ ಬಿಯರು. ಮೇಲೆ ಸುಕ್ಕುಗಟ್ಟಿದ ಬಿಳಿ ಕೆನೆ. ಮುಚ್ಚಳ ತೆಗೆದಾಗ ಒದ್ದೆ ಚರ್ಮ, ಹುಲ್ಲು, ಕುದುರೆ ಲಾಯ, ಎಲ್ಲ ಬೆರೆತ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು.

"ಏನ್ರೀ, ವಾಸನೆ ಬರ್ತಿಲ್ವಾ?"

"ಏನೂ ಇಲ್ಲ ಮೇಡಂ," ಎಂದ ನೆಗಡಿ, ಭಾಗ್ಯವಂತ.

ಜಾಡಿಗಳ ಹಿಂದೆ ಮೇಷ್ಟ್ರ ನೋಟುಬುಕ್ಕಿತ್ತು. ಸೋಮವಾರದ ಗಡಿಬಿಡಿಯಲ್ಲಿ ಯಾರೂ ಅದನ್ನು ಬಿಡಿಸಿ ನೋಡಿರಲಿಲ್ಲ. ನೋಡಿದ್ದರೂ ಅಡುಗೆ ಪುಸ್ತಕದಂತೆ ಕಂಡಿರುತ್ತಿತ್ತು. ಇನ್‌ಸ್ಪೆಕ್ಟರಮ್ಮ ಮೆಟ್ಟಿಲ ಮೇಲೆ ಕುಳಿತು ಬೂಟಿನ ಲೇಸು ಸಡಿಲ ಮಾಡಿ ಓದತೊಡಗಿದಳು. ದುಂಡಗಿನ ಅಕ್ಷರ, ಪಾಠ ಮಾಡುವ ಧಾಟಿ.

"ಅಂಗಡಿಯಲ್ಲಿ ಸಿಗುವ ಯೀಸ್ಟು ಹೇಳಿದಷ್ಟು ಕೆಲಸ ಮಾಡಿ ಮಲಗಿಬಿಡುತ್ತದೆ. ಕಾಡು ಯೀಸ್ಟು ಹಾಗಲ್ಲ. ಮೊದಲಿನದು ತಿನ್ನಲಾರದೆ ಬಿಟ್ಟ ಸಕ್ಕರೆಯನ್ನೂ ಹುಡುಕಿ ಹುಡುಕಿ ತಿಂಗಳುಗಟ್ಟಲೆ ತಿನ್ನುತ್ತದೆ. ಒಳ್ಳೆಯ ಹುಳಿ ಬಿಯರು ಕುಡಿದು ಬಾಟಲಿಯ ತಳದ ಗಸಿಯನ್ನು ಚೆಲ್ಲುವವನು ಮೂರ್ಖ. ಜೀವ ಇರುವುದು ಆ ಗಸಿಯಲ್ಲೇ. ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನು ನಮ್ಮ ಜಾಡಿಗೆ ಹಾಕಬೇಕು."

ಮುಂದಿನ ಪುಟದಲ್ಲಿ ನಿಯಮಗಳು. ತಲೆಬರಹ: ಹುಳಿ ಮಂಡಳಿ.

"ಬಾಟಲಿಯನ್ನು ಮೂರು ದಿನ ನೆಟ್ಟಗೆ ನಿಲ್ಲಿಸು. ಅಲುಗಾಡಿಸದೆ ಗ್ಲಾಸಿಗೆ ಬಗ್ಗಿಸು. ತಳದಲ್ಲಿ ಬೆರಳಗಲ ಉಳಿಸು. ಬಾಟಲಿಯ ಬಾಯಿಗೆ ಬೆಂಕಿ ತೋರಿಸು. ಗಸಿ ಕದಡಿ ಜಾಡಿಗೆ ಸುರಿ. ಬಾಟಲಿ ತಂದವನ ದಾರವನ್ನು ಜಾಡಿಯ ಕೊರಳಿಗೆ ಕಟ್ಟು. ಆಮೇಲೆ ಆರು ತಿಂಗಳು ಆ ಕಡೆ ತಲೆ ಹಾಕಬೇಡ. ಬಿಳಿ ದಾರ ನನ್ನದು. ಕೆಂಪು ಪೋಸ್ಟ್‌ಮಾಸ್ಟರದು. ಹಸಿರು ಬೈಂಡರದು."

"ಕುಡಿಯೋಕೆ ಇಷ್ಟು ಪರಿಪಾಟಲಾ?" ಎಂದ ನೆಗಡಿ ಇಣುಕಿ ನೋಡಿ.

"ನಿಮಗೆ ಕಷಾಯ ಮಾಡೋಕೆ ಇದಕ್ಕಿಂತ ಜಾಸ್ತಿ ಪರಿಪಾಟಲು ಇಲ್ವಾ? ಸುಮ್ನಿರಿ."

ಆಕೆ ಎದ್ದು ಜಾಡಿಗಳ ಮುಂದೆ ಬಗ್ಗಿದಳು. ಒಂದನೇ ಜಾಡಿಯ ಕೆನೆ ಅಂಚಿನಿಂದ ಅಂಚಿನವರೆಗೆ ಕೂಡಿಕೊಂಡಿತ್ತು. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಮಾತ್ರ ಕೆನೆಯ ನಡುವೆ ಅಂಗೈಯಗಲ ಒಡೆದಿತ್ತು. ಒಡೆದ ಜಾಗದಲ್ಲಿ ಎಳೆಯ ಪೊರೆ ಈಗತಾನೇ ಕೂಡಿಕೊಳ್ಳುತ್ತಿತ್ತು. ಎರಡು ಮೂರು ದಿನದ ಹಿಂದೆ ಯಾರೋ ಅದರೊಳಕ್ಕೆ ಏನೋ ಸುರಿದಿದ್ದರು.

ಅದರ ಕೊರಳಿನಲ್ಲಿ ಒಂಬತ್ತು ದಾರಗಳಿದ್ದವು. ಎಂಟು ದಾರ ಧೂಳು ಕುಡಿದು ಬಣ್ಣಗೆಟ್ಟಿದ್ದವು. ಒಂಬತ್ತನೆಯದು ಎಲ್ಲದರ ಮೇಲಿತ್ತು, ಹೊಚ್ಚಹೊಸದು, ಮುಟ್ಟಿದರೆ ಮೇಣದ ಜಿಡ್ಡು.

ಹಸಿರು.

ನೋಟುಬುಕ್ಕಿನಲ್ಲಿ ಅದರ ಲೆಕ್ಕವಿರಲಿಲ್ಲ. ಪ್ರತಿ ಭಾನುವಾರದ ಕೂಟವನ್ನು ಮೇಷ್ಟ್ರು ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದರು. ಈ ಸೋಮವಾರ ಅವರಿಗೆ ಬೆಳಗಾಗಿರಲಿಲ್ಲ.

ಗೋಡೆಯ ಗೂಟಗಳಿಗೆ ತೊಳೆದ ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸಿದ್ದರು. ಏಳರಲ್ಲಿ ಒಂದರ ಬಾಯಂಚಿನಲ್ಲಿ ಕೂದಲೆಳೆಯಷ್ಟು ಮಸಿ ಉಳಿದಿತ್ತು. ಇನ್‌ಸ್ಪೆಕ್ಟರಮ್ಮ ಅದನ್ನು ಕರವಸ್ತ್ರದಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ತನ್ನ ಮೇಲೇ ಆಕೆಗೆ ಸಿಟ್ಟು ಬಂತು. ಸೋಮವಾರ ಇದೇ ಗೂಟದ ಕೆಳಗೆ ನಿಂತು ಟೀ ಕುಡಿದಿದ್ದಳು.

"ಮೂರು ಸೀಸೆ ತನ್ನಿ. ಮೂರೂ ಜಾಡಿಯಿಂದ ತಳ ಕಲಕಿ ಸ್ವಲ್ಪ ಸ್ವಲ್ಪ ತುಂಬಿ. ನೀವೇ ಲ್ಯಾಬಿಗೆ ಹೋಗಿ ಕೊಡಿ. ಆ ಮಾತ್ರೆ ಇದೆಯಾ ಇಲ್ವಾ, ಅಷ್ಟೇ ಹೇಳಿದ್ರೆ ಸಾಕು ಅನ್ನಿ. ಉತ್ತರ ಬರೋ ತನಕ ಅಲ್ಲಿಂದ ಕದಲಬೇಡಿ."

"ಅವರು ನಾಳೆ ಬನ್ನಿ ಅಂದ್ರೆ?"

"ಅವರ ಮುಂದೆ ಕೂತು ಸೀನ್ತಾ ಇರಿ. ಬೇಗ ಕೊಟ್ಟು ಕಳಿಸ್ತಾರೆ."

*

ಮಧ್ಯಾಹ್ನ ಠಾಣೆಯಲ್ಲಿ ಮಗಳು ಮಹಿಳೆಯರ ಕೋಣೆಯ ಬೆಂಚಿನ ಮೇಲೆ ಬೆಳಿಗ್ಗೆ ಕೂತಂತೆಯೇ ಕೂತಿದ್ದಳು. ಮೂವತ್ತರ ಆಸುಪಾಸು. ಟೀ ಆರಿ ತಣ್ಣಗಾಗಿತ್ತು, ತಟ್ಟೆಯ ಬ್ರೆಡ್ಡು ಹಾಗೇ ಇತ್ತು.

"ತಿಂದಿಲ್ಲ?"

"ಸೇರ್ತಿಲ್ಲ ಮೇಡಂ."

ಇನ್‌ಸ್ಪೆಕ್ಟರಮ್ಮ ಪಕ್ಕದಲ್ಲೇ ಕುಸಿದು ಕೂತಳು. ಇಬ್ಬರಲ್ಲಿ ಯಾರು ಹೆಚ್ಚು ದಣಿದಿದ್ದರೆಂದು ಹೇಳುವುದು ಕಷ್ಟವಿತ್ತು.

"ಭಾನುವಾರ ನಿಮ್ಮ ಮನೆಗೆ ಯಾರೂ ಬರಲಿಲ್ಲ ಅಂದೆ."

"ಗೊತ್ತಿಲ್ಲ ಅಂದೆ. ನಾನು ಬೇಗ ಮಲಗಿದೆ ಅಂತ ನಾಲ್ಕು ಸಲ ಹೇಳಿದ್ದೀನಿ. ಅಪ್ಪ ಹಿಂದಿನ ಕೋಣೆಯಲ್ಲಿದ್ರು."

"ಒಬ್ರೇ ಇರಲಿಲ್ಲ ಕಣಮ್ಮ. ಮೂರನೇ ಜಾಡಿಗೆ ಹೊಸದಾಗಿ ಹಸಿರು ದಾರ ಕಟ್ಟಿದೆ."

ಮಗಳು ತಲೆಯೆತ್ತಿದಳು. "ಬೈಂಡಿಂಗ್ ಚಿಕ್ಕಪ್ಪನದಾ?"

"ಚಿಕ್ಕಪ್ಪನಾ?"

"ಸ್ವಂತ ಅಲ್ಲ. ಅಪ್ಪನ ಸ್ನೇಹಿತರು. ನನ್ನನ್ನ ಎತ್ತಿ ಆಡಿಸಿದವರು." ಅವಳು ಆರಿದ ಟೀಯ ಲೋಟವನ್ನು ಆಚೆ ಸರಿಸಿದಳು. "ಅಂದ್ರೆ... ಗಸೀನ ಜಾಡಿಗೆ ಹಾಕಿದ್ರಾ?"

"ಹಾಕಿದ್ದಾರೆ. ಲ್ಯಾಬಿಗೆ ಕಳಿಸಿದ್ದೀನಿ. ಅದರಲ್ಲಿ ಮಾತ್ರೆ ಸಿಕ್ಕಿದ್ರೆ, ಅದು ಬಂದಿದ್ದು ಆ ಬಾಟಲಿಯಿಂದ. ನೀನು ಊಟದಲ್ಲಿ ಹಾಕಿದೆ ಅನ್ನೋ ಮಾತು ಅಲ್ಲಿಗೇ ಬಿದ್ದುಹೋಗುತ್ತೆ, ಮನೆಗೆ ಹೋಗ್ತೀಯ. ಸಿಗದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ. ಐದಕ್ಕೆ ಕರ್ಕೊಂಡು ಹೋಗಲೇಬೇಕು."

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅಪ್ಪ ಸತ್ತ ಮೇಲೆ ಅವಳು ಅತ್ತದ್ದನ್ನು ಇನ್‌ಸ್ಪೆಕ್ಟರಮ್ಮ ನೋಡಿದ್ದು ಇದೇ ಮೊದಲು. ಪಾಪದ ಹುಡುಗಿಯ ಕೈಗೆ ಆತುರಪಟ್ಟು ಬೇಡಿ ಹಾಕಿಸಿದೆನಲ್ಲ ಎಂದು ನೊಂದುಕೊಂಡು, ಆರಿದ ಟೀಯನ್ನು ತಾನೇ ಒಯ್ದು ಬಿಸಿ ಮಾಡಿಸಿ ತಂದುಕೊಟ್ಟಳು.

*

ಬೈಂಡರ ಅಂಗಡಿ ಠಾಣೆಯಿಂದ ಎರಡು ಬೀದಿ ಆಚೆ. ಆಕೆ ನಡೆದೇ ಹೋದಳು. ಮೂರು ಗಂಟೆಯ ಬಿಸಿಲಿಗೆ ಬೀದಿ ಬಿಕೋ ಎನ್ನುತ್ತಿತ್ತು.

ಒಳಗೆ ಅಂಟಿನ ವಾಸನೆ. ಬಾಗಿಲಿನ ಎದುರಿಗೇ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ಆಳೆತ್ತರ ಪೇರಿಸಿದ್ದರು. ಅದನ್ನು ಬಳಸಿಕೊಂಡು ಹೋದರೆ ಹಿಂದೆ ಕಾಗದ ಕತ್ತರಿಸುವ ಯಂತ್ರ, ಅದರ ಪಕ್ಕ ಉದ್ದನೆಯ ಮೇಜು. ಮೇಜಿನ ಮುಂದೆ ಬೈಂಡರು. ಅರವತ್ತು ದಾಟಿದ ಸಣಕಲು ದೇಹ, ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಒಂದು ಹರಿದ ನಿಘಂಟನ್ನು ಹೊಲಿಯುತ್ತಿದ್ದರು.

"ಬನ್ನಿ ತಾಯಿ, ಕೂತ್ಕೊಳ್ಳಿ." ಯಂತ್ರದ ಪಕ್ಕದ ಸ್ಟೂಲನ್ನು ಒರೆಸಿ ಕೊಟ್ಟರು.

"ಮೇಷ್ಟ್ರ ಮನೆಗೆ ಕೊನೇ ಸಲ ಹೋಗಿದ್ದು ಯಾವಾಗ?"

"ಒಂದು ತಿಂಗಳಾಯ್ತು."

ಉತ್ತರ ಪ್ರಶ್ನೆಯ ಬೆನ್ನಿಗೇ ಬಂತು. ಒಂದು ಸಲವೂ ತಲೆ ಕೆರೆದುಕೊಳ್ಳದೆ ದಿನ ಲೆಕ್ಕ ಹಾಕುವವರನ್ನು ಕಂಡರೆ ಇನ್‌ಸ್ಪೆಕ್ಟರಮ್ಮನಿಗೆ ಅನುಮಾನ. ಆಕೆ ಚೀಟಿಯಲ್ಲಿ ಸುತ್ತಿ ತಂದಿದ್ದ ದಾರದ ತುಂಡನ್ನು ಮೇಜಿನ ಮೇಲೆ, ಅವರ ಹಸಿರು ಉಂಡೆಯ ಪಕ್ಕದಲ್ಲಿ ಇಟ್ಟಳು.

"ಇದು ಯಾರ ದಾರ?"

"ಹಸಿರು ದಾರ ಎಲ್ಲಾ ಕಡೆ ಸಿಗುತ್ತೆ."

"ಮೇಣ ಉಜ್ಜಿದ್ದು?"

ಬೈಂಡರ ಸೂಜಿ ನಿಂತಿತು.

"ಮೂರನೇ ಜಾಡಿಯ ಕೆನೆ ಒಡೆದಿದೆ. ಗೂಟದಲ್ಲಿರೋ ಬಾಟಲಿಯ ಬಾಯಿಗೆ ಮಸಿ ಹಿಡಿದಿದೆ. ಜಾಡಿಗೆ ನಿಮ್ಮ ದಾರ ಬಿದ್ದಿದೆ. ಮಂಡಳಿಯಲ್ಲಿ ಇರೋದು ಮೂರು ಜನ. ಪೋಸ್ಟ್‌ಮಾಸ್ಟರ್ ಹೋದ ವರ್ಷವೇ ತೀರಿಕೊಂಡ್ರು. ಮೇಷ್ಟ್ರು ಈಗ ಹೋದ್ರು. ಇನ್ನು ಉಳಿದವರು ಯಾರು ಅಂತ ನಾನು ಹೇಳ್ಬೇಕಾ?"

ಅವರು ನಿಘಂಟನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟರು.

"ಹೋಗಿದ್ದೆ. ಭಾನುವಾರ ಏಳಕ್ಕೆ ಹೋದೆ, ಒಂಬತ್ತೂವರೆಗೆ ಬಂದೆ. ಬಾಟಲಿ ನಾನೇ ತಗೊಂಡು ಹೋಗಿದ್ದು. ಅಣ್ಣ ಕುಡಿದು ತುಂಬಾ ಚೆನ್ನಾಗಿದೆ ಅಂದ್ರು. ಗಸೀನ ಚೆಲ್ಲೋಕೆ ಬಿಡ್ತಾರಾ? ಅವರೇ ಬೆಂಕಿ ತೋರಿಸಿ ಜಾಡಿಗೆ ಸುರಿದು, ನನ್ನ ಜೇಬಿಂದ ದಾರ ಕಿತ್ಕೊಂಡು ಕಟ್ಟಿದ್ರು. ನಾನು ಹೊರಟಾಗ ಬಾಟಲಿ ತೊಳೀತಾ ಇದ್ರು."

"ಮತ್ತೆ ತಿಂಗಳಾಯ್ತು ಅಂತ ಯಾಕೆ ಸುಳ್ಳು ಹೇಳಿದ್ರಿ?"

ಬೈಂಡರು ನಿಘಂಟಿನ ಹರಿದ ಅಂಚನ್ನು ಬೆರಳಿನಿಂದ ಸವರಿದರು.

"ಅವರ ಮಗಳು ನನ್ನ ಠಾಣೆಯಲ್ಲಿ ಕೂತಿದ್ದಾಳೆ. ನೀವು ಎತ್ತಿ ಆಡಿಸಿದವಳಂತೆ. ಅವಳು ಜೈಲಿಗೆ ಹೋಗಲಿ ಅಂತ ಇಲ್ಲಿ ಪುಸ್ತಕ ಹೊಲೀತಾ ಕೂತಿದ್ದೀರಾ?"

"ಹಾಗನ್ನಬೇಡಿ ತಾಯಿ," ಎಂದರು ಅವರು. ಕಣ್ಣು ತೇವವಾಗಿತ್ತು.

ಆಗಲೇ ಆಕೆಯ ಫೋನು ಬಡಿದುಕೊಂಡಿತು. ನೆಗಡಿ. ಹಿಂದೆ ಲ್ಯಾಬಿನ ಫ್ಯಾನಿನ ಸದ್ದು.

"ಮೇಡಂ, ಮೊದಲ ಎರಡು ಸೀಸೆಯಲ್ಲಿ ಏನೂ ಇಲ್ವಂತೆ. ಮೂರನೇದ್ರಲ್ಲಿ ಇದೆಯಂತೆ, ಅದೇ ಮಾತ್ರೆ. ಪುಡಿ ಪೂರ್ತಿ ಕರಗದೆ ಗಸಿ ಜೊತೆ ತಳದಲ್ಲಿ ಕೂತಿತ್ತಂತೆ. ಬರೆದು ಕೊಡ್ತಾ ಇದ್ದಾರೆ. ಆಕ್ಷೀ!"

ಇನ್‌ಸ್ಪೆಕ್ಟರಮ್ಮ ಕಣ್ಣು ಮುಚ್ಚಿದಳು. ಎದೆಯ ಮೇಲಿನ ಚಪ್ಪಡಿ ಕಲ್ಲು ಇಳಿಸಿದಂತಾಯಿತು. ಎಷ್ಟೋ ದಿನಗಳ ನಂತರ ಆಕೆಗೆ ಸಂತೋಷವಾಗಿತ್ತು. ಅದನ್ನು ಮುಚ್ಚಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಬೈಂಡರ ಎದುರಿಗೇ ಠಾಣೆಗೆ ಫೋನು ಮಾಡಿದಳು.

"ರೈಟರ್ರೇ, ಮೇಷ್ಟ್ರ ಮಗಳನ್ನ ಬಿಟ್ಟುಬಿಡಿ. ಹೌದು, ಈಗಲೇ. ಅವಳ ಸಾಮಾನೆಲ್ಲ ಕೊಟ್ಟು ಕಳಿಸಿ. ಕಾಗದ ಪತ್ರಕ್ಕೆ ನಾನು ಬಂದು ಸಹಿ ಹಾಕ್ತೀನಿ. ಕೋರ್ಟಿಗೆ ನಾನೇ ಹೇಳ್ತೀನಿ."

ಫೋನು ಇಟ್ಟಾಗ ಬೈಂಡರು ಆಕೆಯನ್ನೇ ನೋಡುತ್ತಿದ್ದರು.

"ಬಿಟ್ರಾ ಅವಳನ್ನ?"

"ಬಿಟ್ಟೆ. ಈಗ ನಿಮ್ಮ ಸರದಿ."

ಅವರು ಹೂಜಿಯಿಂದ ನೀರು ಬಗ್ಗಿಸಿಕೊಂಡು ಗಟಗಟನೆ ಕುಡಿದರು. ಮೀಸೆ ಒರೆಸಿಕೊಂಡರು. ಮುಖದಲ್ಲಿ ಒಂಥರಾ ನೆಮ್ಮದಿ.

"ನಾನೇ ಮಾಡಿದ್ದು. ಬರ್ಕೊಳ್ಳಿ."

ಇಷ್ಟು ಸುಲಭವಾಗಿ ಒಪ್ಪಿಕೊಂಡವರನ್ನು ಆಕೆ ನೋಡಿ ವರ್ಷಗಳಾಗಿದ್ದವು. ಬೇರೆ ದಿನವಾಗಿದ್ದರೆ ಅಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದಳೋ ಏನೋ. ಇವತ್ತು ಮಾತ್ರ ಬೂಟು ಬಿಚ್ಚಿ ಹಾಸಿಗೆಗೆ ಬೀಳುವುದೊಂದೇ ತಲೆಯಲ್ಲಿತ್ತು. ತನ್ನ ನೋಟುಬುಕ್ಕು ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದಳು.

"ಯಾಕೆ?"

"ಒಂದನೇ ಜಾಡಿ ನಂಗೆ ಕೊಡಿ ಅಂದೆ. ಕೊಡಲಿಲ್ಲ. ಸಿಟ್ಟು ಬಂತು."

ಜಾಡಿಗಾಗಿ ಕೊಲೆಯೇ ಎಂದು ಆಕೆ ನಗಲಿಲ್ಲ. ಮನೆಗಳ ನಡುವಿನ ಒಂದು ನಲ್ಲಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿ ಸತ್ತದ್ದನ್ನು ಕಂಡವಳು.

"ಮಾತ್ರೆ ಎಷ್ಟು?"

"ಆರು. ಅರೆದು ಪುಡಿ ಮಾಡಿದ್ದೆ."

"ಹಾಕಿದ್ದು ಹೇಗೆ?"

"ಅಣ್ಣ ಬೆಂಕಿಪೊಟ್ಟಣ ತರೋಕೆ ಮೇಲೆ ಹೋದ್ರು. ಆಗ ಅವರ ಗ್ಲಾಸಿಗೆ ಹಾಕಿ ಕಲಕಿದೆ."

ಆಕೆ ಬರೆದಳು. ಗ್ಲಾಸಿಗೆ ಹಾಕಿ ಕಲಕಿ... ಪೆನ್ನು ಅಲ್ಲೇ ನಿಂತುಬಿಟ್ಟಿತು. ಬರೆದದ್ದನ್ನು ಇನ್ನೊಮ್ಮೆ ಓದಿದಳು.

"ಗ್ಲಾಸಿಗಾ?"

"ಹೂಂ."

"ಗ್ಲಾಸಿನದು ಮೇಷ್ಟ್ರ ಹೊಟ್ಟೆಗೆ ಹೋಯ್ತು. ಜಾಡಿಗೆ ಹೋಗಿದ್ದು ಬಾಟಲಿಯ ತಳದಲ್ಲಿದ್ದ ಗಸಿ. ಗ್ಲಾಸಿಗೆ ಹಾಕಿದ ಪುಡಿ ಗಸಿಗೆ ಹೇಗೆ ಬಂತು?"

ಬೈಂಡರು ಕಣ್ಣು ಪಿಳಿಪಿಳಿ ಬಿಟ್ಟರು. "ಅಲ್ಲ... ಮರೆತೆ. ಬಾಟಲಿಗೇ ಹಾಕಿದೆ."

"ಮುಚ್ಚಳ ತೆಗೆದ ಮೇಲೆ?"

"ತೆಗೆದ ಮೇಲೆ."

"ಮೇಷ್ಟ್ರ ಪುಸ್ತಕದಲ್ಲಿ ಓದಿದೆ. ಒಂದು ಸಲ ಪೋಸ್ಟ್‌ಮಾಸ್ಟರು ಹುಳಿ ಜಾಸ್ತಿ ಅಂತ ತೆರೆದ ಬಾಟಲಿಗೆ ಒಂದು ಚಮಚ ಸಕ್ಕರೆ ಹಾಕಿದ್ರಂತೆ. ಬುಸ್ಸಂತ ಉಕ್ಕಿ ಅರ್ಧ ಬಿಯರು ಛಾವಣಿಗೆ ಹೋಯ್ತಂತೆ. ನೀವೂ ಇದ್ರಿ, ನೆಲ ಒರೆಸಿದ್ದು ನೀವೇ ಅಂತ ಬರೆದಿದ್ದಾರೆ. ಗ್ಯಾಸು ತುಂಬಿದ ಬಾಟಲಿಗೆ ಆರು ಮಾತ್ರೆ ಪುಡಿ ಹಾಕಿದ್ರೆ ಗಸಿಯೂ ಉಳೀತಿರಲಿಲ್ಲ, ಬಿಯರೂ ಉಳೀತಿರಲಿಲ್ಲ. ಇದು ನಿಮಗೆ ಗೊತ್ತಿಲ್ವಾ?"

ಬೈಂಡರು ಮೇಜಿನ ಮೇಲಿನ ಕಾಗದದ ಚೂರುಗಳನ್ನು ಕೈಯಿಂದ ಗುಡಿಸತೊಡಗಿದರು.

"ಮುಚ್ಚಳ ತೆಗೆದಾಗ ಹೇಗಿತ್ತು? ಸಡಿಲ ಇತ್ತಾ?"

"ಇಲ್ಲ." ಅವರ ಬಾಯಿಂದ ಸತ್ಯ ತಾನಾಗಿ ಜಾರಿತು. "ಬಿಗಿಯಾಗಿತ್ತು. ಟಿಸ್ ಅಂತ ಸದ್ದು ಬಂತು. ಅಣ್ಣ ಸದ್ದು ಕೇಳೇ ಖುಷಿಪಟ್ರು."

"ಹಾಗಾದ್ರೆ ಪುಡಿ ಒಳಗೆ ಹೋಗಿದ್ದು ಮುಚ್ಚಳ ಒತ್ತೋಕ್ಕಿಂತ ಮೊದಲು. ಬಿಯರು ತುಂಬಿದ ದಿನ, ಒಳಗೆ ಗ್ಯಾಸು ಕಟ್ಟೋ ಮೊದಲೇ. ಎಷ್ಟು ವಾರದ ಹಿಂದೆ?"

"ನಾನೇ ತುಂಬಿದ್ದು."

"ತುಂಬಿ, ಒಳಗೆ ಏನಿದೆ ಅಂತ ಗೊತ್ತಿದ್ದೂ ಕುಡಿದ್ರಾ?"

ಅವರು ಬೆಚ್ಚಿ ನೋಡಿದರು.

"ಸೋಮವಾರ ಮಧ್ಯಾಹ್ನದ ತನಕ ನಿಮ್ಮ ಅಂಗಡಿ ಬಾಗಿಲು ಹಾಕಿತ್ತು. ನನ್ನ ಪೇದೆ ವಿಚಾರಿಸಿದ್ದಾನೆ. ಹೆದರಿ ಅಡಗಿ ಕೂತಿದ್ರಿ ಅಂತ ನಾನು ಅಂದ್ಕೊಂಡಿದ್ದೆ. ಅಡಗಿರಲಿಲ್ಲ. ನಿದ್ದೆ ಹೋಗಿದ್ರಿ. ಅಲ್ವಾ?"

ಬೈಂಡರು ಹೌದೆಂದು ತಲೆಯಾಡಿಸಿದರು.

"ಅರ್ಧ ಗ್ಲಾಸ್ ಕುಡಿದಿದ್ದೆ ಅಷ್ಟೆ. ಹಲ್ಲು ಕಿತ್ತಿಸ್ಕೊಂಡಿದ್ದೆ, ಹುಳಿ ಚುಚ್ತಾ ಇತ್ತು. ಉಳಿದಿದ್ದನ್ನೆಲ್ಲ ಅಣ್ಣನೇ ಕುಡಿದ್ರು. ಮನೆ ತನಕ ಹೋಗೋಕೂ ಆಗಲಿಲ್ಲ. ಇಲ್ಲಿಗೆ ಬಂದು ಈ ಕಾಗದದ ರಾಶಿ ಮೇಲೆ ಬಿದ್ದೋನು... ಅಣ್ಣ ಹೋದ ಸುದ್ದಿ ತಂದೋರು ಬಾಗಿಲು ಬಡಿದೂ ಬಡಿದೂ ಸಾಕಾಗಿ ಕಿಟಕಿಯಿಂದ ನೀರು ಚಿಮುಕಿಸಿದ್ರು."

"ಎದ್ದಾಗಲೇ ನಿಮಗೆ ಗೊತ್ತಾಗಿತ್ತು. ಬಾಟಲಿಯಲ್ಲಿ ಏನೋ ಇತ್ತು ಅಂತ. ಆರು ಮಾತ್ರೆ ಅಂತ ಆಮೇಲೆ ಊರವರ ಬಾಯಲ್ಲಿ ಕೇಳಿದ್ರಿ."

ಬೈಂಡರು ಸೂಜಿಯನ್ನು ಎತ್ತಿ ಹಸಿರು ಉಂಡೆಗೆ ಚುಚ್ಚಿಟ್ಟರು.

"ಅದಕ್ಕೇ ಹೋಗಿರಲಿಲ್ಲ ಅಂತ ಸುಳ್ಳು ಹೇಳಿದ್ರಿ. ಹೋಗಿದ್ದೆ ಅಂದ್ರೆ ಬಾಟಲಿ ಎಲ್ಲಿಂದ ಬಂತು ಅಂತ ಕೇಳ್ತೀವಿ. ಯಾರನ್ನ ಕಾಪಾಡ್ತಾ ಇದ್ದೀರಿ?"

"ನನ್ನ ಹೆಸರೇ ಬರ್ಕೊಳ್ಳಿ ತಾಯಿ. ನಂಗೆ ಹಿಂದೆ ಮುಂದೆ ಯಾರೂ ಇಲ್ಲ. ಕೈಮುಗೀತೀನಿ." ಅವರು ನಿಜವಾಗಿಯೂ ಕೈಮುಗಿದರು.

ಇನ್‌ಸ್ಪೆಕ್ಟರಮ್ಮನಿಗೆ ಅಳು ಬಂದಂತಾಯಿತು. ಇವರ ಮೇಲಿನ ಮರುಕಕ್ಕೋ, ತನ್ನ ಮೇಲಿನ ಸಿಟ್ಟಿಗೋ ಆಕೆಗೇ ತಿಳಿಯಲಿಲ್ಲ. ಬೆಳಗಿನಿಂದ ಆ ಜಾಡಿಯನ್ನು ನಂಬಿಕೊಂಡು ಓಡಾಡಿದ್ದಳು. ಜಾಡಿ ಸುಳ್ಳು ಹೇಳಿರಲಿಲ್ಲ. ಮಾತ್ರೆ ಬಾಟಲಿಯಲ್ಲಿತ್ತು ಎಂದಷ್ಟೇ ಅದು ಹೇಳಿತ್ತು. ಬಾಟಲಿ ತಂದವನೇ ತುಂಬಿದವನು ಎಂದು ಸೇರಿಸಿಕೊಂಡದ್ದು ತಾನು, ನಿದ್ದೆಗೆಟ್ಟ ತನ್ನ ತಲೆ.

"ಕೊನೇ ಸಲ ಕೇಳ್ತೀನಿ. ಆ ಬಾಟಲಿ ತುಂಬಿದ್ದು ಯಾರು?"

ಬೈಂಡರು ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು.

ಆಕೆ ಫೋನು ಕೈಗೆತ್ತಿಕೊಂಡಳು. ರೈಟರ ಹತ್ತಿರ ಮಾತಾಡಿ ಇಪ್ಪತ್ತು ನಿಮಿಷವಾಗಿತ್ತು. ಮೇಷ್ಟ್ರ ಮಗಳನ್ನು ಇನ್ನೂ ಕಳಿಸಿರಲಾರರು, ರೈಟರು ಒಂದು ರಸೀದಿ ಬರೆಯಲೂ ಅರ್ಧ ಗಂಟೆ ತಗೊಳ್ಳುವ ಮನುಷ್ಯ. ಈ ಒಂದು ಸಲ ಅವನ ಸೋಮಾರಿತನ ತನ್ನ ಮಾನ ಉಳಿಸಲಿ ಎಂದುಕೊಳ್ಳುತ್ತ ಬೆರಳು ಒತ್ತುವಷ್ಟರಲ್ಲಿ ಬೀದಿಬಾಗಿಲು ಕಿರ್ರೆಂದಿತು.

ಯಾರೋ ಒಳಗೆ ಬಂದರು. ಓಡಿ ಬಂದವರ ಏದುಸಿರು. ಪೇರಿಸಿದ ಪುಸ್ತಕಗಳ ಆಚೆಯಿಂದ ಸ್ಟೂಲಿನ ಮೇಲಿದ್ದ ಇನ್‌ಸ್ಪೆಕ್ಟರಮ್ಮ ಕಾಣುವಂತಿರಲಿಲ್ಲ. ಮೇಜಿನ ತುದಿಯಲ್ಲಿದ್ದ ಬೈಂಡರ ಬೆನ್ನು ಮಾತ್ರ ಕಾಣುತ್ತಿತ್ತು. ಬೈಂಡರು ಬೇಡ ಎನ್ನುವಂತೆ ಕೈಯೆತ್ತಿದರು. ಇನ್‌ಸ್ಪೆಕ್ಟರಮ್ಮ ಆ ಕೈಯನ್ನು ಹಿಡಿದು ಮೇಜಿಗೆ ಒತ್ತಿದಳು.

"ಚಿಕ್ಕಪ್ಪಾ," ಎಂದಿತು ಮೇಷ್ಟ್ರ ಮಗಳ ದನಿ, ಪಿಸುಮಾತಿನಲ್ಲಿ. "ಆ ಬಾಟಲಿ ನಿಮ್ಮ ಕೈಗೆ ಕೊಟ್ಟಿದ್ದು ನಾನು ಅಂತ ಅವರಿಗೆ ಹೇಳಿಲ್ಲ ತಾನೇ?"